ಗಾಣದ ಮನೆಯ ಕಾಡಿಗೆ

ನಾನು ಡ್ರಾಯಿಂಗ್ ಮಾಸ್ತರ. ಸುಳ್ಳು ಹೇಳಬೇಕೆಂದರೆ ನನಗೆ ಕುಂಚ ಬೇಕು, ಬಣ್ಣ ಬೇಕು. ಬರೀ ಬಾಯಿಂದ ಸುಳ್ಳು ಹೇಳುವ ವಿದ್ಯೆ ನನಗೆ ಒಲಿದಿಲ್ಲ. ಆದ್ದರಿಂದ ಇಲ್ಲಿ ಬರೆದದ್ದನ್ನು ಇದ್ದದ್ದು ಇದ್ದ ಹಾಗೆ ಎಂದೇ ಓದಿಕೊಳ್ಳಿ. ಆ ರಾತ್ರಿ ಆ ಮನೆಯಲ್ಲಿ ನಾಲ್ಕು ಮಂದಿ ಇದ್ದೆವು. ಮೂವರು ಈಗ ಇಲ್ಲ. ಉಳಿದವನು ನಾನು, ಮತ್ತೆ ನಾನು ಬರೆದ ಆ ಪಟ.

ಪಟ ಈಗಲೂ ಬಬಲೇಶ್ವರದ ಒಂದು ಮನೆಯ ಗೋಡೆಯ ಮೇಲಿದೆ. ಹೋದವರು ನೋಡಬಹುದು. ನಾನು ಮಾತ್ರ ಅದರ ಎದುರು ಒಬ್ಬನೇ ಕೂಡುವುದಿಲ್ಲ.

ಅದು ಯುದ್ಧದ ಕಾಲ. ವಿಜಾಪುರದಲ್ಲಿ ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ನನ್ನ ಬಾಡಿಗೆ ಖೋಲಿ. ಹಗಲು ಸಾಲೆಯಲ್ಲಿ ಹುಡುಗರಿಂದ ಮಾವಿನಹಣ್ಣು, ಹೂಜಿ, ಕಂದೀಲು ಬರೆಸುವುದು. ಸಂಜೆ ಮನೆಯಲ್ಲಿ ಜನರ ಮುಖ ಬರೆಯುವುದು.

ಮುಖ ಬರೆಯುವುದರಲ್ಲಿ ನನ್ನದೊಂದು ಹುಚ್ಚು ಪದ್ಧತಿ ಇತ್ತು. ಅಳತೆ ತೆಗೆಯುತ್ತಿರಲಿಲ್ಲ, ಚೌಕ ಹಾಕಿಕೊಳ್ಳುತ್ತಿರಲಿಲ್ಲ. ಬಂದವರನ್ನು ಎದುರಿಗೆ ಕೂಡಿಸಿಕೊಂಡು ಸುಮ್ಮನೆ ಮಾತಾಡಿಸುತ್ತಿದ್ದೆ. ಅವರ ದುಃಖವೋ, ಸಿಟ್ಟೋ, ಒಳಗೊಳಗಿನ ಖುಷಿಯೋ ನನ್ನ ಎದೆಗೆ ತಾಗುವವರೆಗೆ ಕಾಯುತ್ತಿದ್ದೆ. ತಾಗಿತು ಅನ್ನಿಸಿದ ಕೂಡಲೇ ಕಣ್ಣು ಮುಚ್ಚಿ ಕೈ ಬಿಟ್ಟುಬಿಡುತ್ತಿದ್ದೆ. ಕೈ ತನಗೆ ತಿಳಿದ ಕಡೆ ಹೋಗುತ್ತಿತ್ತು. ಕಣ್ಣು ತೆರೆದು ಮೂಗು ಕಿವಿ ತಿದ್ದುವುದು ಆಮೇಲಿನ ಕೆಲಸ.

ಒಮ್ಮೆ ಬಟ್ಟೆ ಅಂಗಡಿಯ ಸಾಹುಕಾರರೊಬ್ಬರು ಜರಿಯ ರುಮಾಲು ಸುತ್ತಿಕೊಂಡು ಠೀವಿಯಿಂದ ಬಂದು ಕೂತರು. ಬರೆದು ನೋಡಿದರೆ, ಅಪ್ಪನ ಹೊಡೆತಕ್ಕೆ ಕಾದು ನಿಂತ ಹುಡುಗನ ಮುಖ! ಸಾಹುಕಾರರು ಸಿಡಿಮಿಡಿಗೊಂಡು ಎದ್ದು ಹೋದರು. ಮರುದಿನ ಅವರ ಹೆಂಡತಿ ಬಂದು ಆ ಚಿತ್ರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಯ್ದರು. ಮನುಷ್ಯ ಬಚ್ಚಿಟ್ಟುಕೊಂಡದ್ದನ್ನು ನನ್ನ ಕೈ ಹೊರಗೆ ಎಳೆಯುತ್ತದೆ ಎಂಬ ಜಂಬ ನನಗೆ ಬಂದಿತ್ತು. ವಯಸ್ಸೂ ಜಂಬದ್ದೇ.

ಯುದ್ಧದಿಂದಾಗಿ ಮುಂಬೈಯಿಂದ ಬಣ್ಣದ ಟ್ಯೂಬು ಬರುವುದು ನಿಂತಿತ್ತು. ಬಣ್ಣ ಕಲಸುವ ಅಗಸೆ ಎಣ್ಣೆಯೂ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಹಾಗಾಗಿ ನಾನು ಟಿಕೋಟಕ್ಕೆ ಹೋಗಿ ಗಾಣಿಗೇರ ಮಲ್ಲಪ್ಪನ ಹತ್ತಿರ ಎಣ್ಣೆ ತರುತ್ತಿದ್ದೆ. ಮನೆಯೊಳಗೇ ಗಾಣ. ಮಲ್ಲಪ್ಪ ನನ್ನ ಓರಗೆಯವನು, ಮಾತು ಕಡಿಮೆ. ಮಾತೆಲ್ಲ ಅವನ ತಾಯಿ ಗೌರವ್ವನದು.

"ಮಂದಿ ಎಣ್ಣಿ ಉಣ್ಣಾಕ ಒಯ್ಯತಾರ, ನೀವು ಗ್ವಾಡಿಗಿ ಹಚ್ಚಾಕ ಒಯ್ಯತೀರಿ ಮಾಸ್ತರ," ಎಂದು ಆಕೆ ಕಾಡಿಸುತ್ತಿದ್ದಳು. ನಕ್ಕರೆ ಎರಡೂ ಕಣ್ಣು ಮುಚ್ಚಿಹೋಗುತ್ತಿದ್ದವು. ಉಬ್ಬಿದ ಕೆನ್ನೆ, ಒಂದು ಗೀರು ಇಲ್ಲದ ನುಣ್ಣನೆ ಹಣೆ. ಆ ಹಣೆಯನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ.

ಒಂದು ದಿನ ಮಧ್ಯಾಹ್ನ ಮಲ್ಲಪ್ಪ ನನ್ನ ಖೋಲಿಯ ಬಾಗಿಲಲ್ಲಿ ಬಂದು ನಿಂತ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿದ್ದವು.

"ಅವ್ವ ಹೋದಳ್ರಿ ಮಾಸ್ತರ. ಮಕ್ಕೊಂಡಾಕಿ ಏಳಲಿಲ್ಲ."

ನನಗೆ ನಿಜವಾಗಿ ಸಂಕಟವಾಯಿತು. ಕೂಡ್ರಿಸಿ ನೀರು ಕೊಟ್ಟೆ. ಅವನು ಬಂದದ್ದು ಸುದ್ದಿ ಹೇಳಲಿಕ್ಕಲ್ಲ.

"ಅವ್ವನ ಒಂದ ಪಟ ಬರದ ಕೊಡ್ರಿ. ಫೋಟೋ ತಗಸಾಕ ಆಕಿ ಯಾವತ್ತೂ ಒಪ್ಪಲಿಲ್ಲ. ನೆಳ್ಳು ಹಿಡಿದ್ರ ಆಯುಷ್ಯ ಕಡಿಮಿ ಆಗತೈತಿ ಅಂತಿದ್ಲು."

"ಎದುರಿಗಿ ಕುಂದ್ರಿಸದ ಹೆಂಗ ಬರೀಲೋ ಮಲ್ಲಪ್ಪ?"

"ನಮ್ಮ ನೀಲವ್ವ ಅದಾಳಲ್ರಿ, ನನ್ನ ತಂಗಿ. ಅವ್ವನ ಮಾರೀನ ಆಕೀದು. ಆಕೀನ್ನ ಕುಂದ್ರಿಸಿ ಬರೀರಿ. ವಯಸ್ಸ ನೀವ ಏರಿಸ್ರಿ."

ಅವನು ತಲೆ ತಗ್ಗಿಸಿದ. ಆಮೇಲೆ ನಿಜ ಸಂಗತಿ ಬಾಯಿಬಿಟ್ಟ. ನೀಲವ್ವ ತುಂಬಿದ ಬಸುರಿ, ಹೆರಿಗೆಗೆಂದು ತವರಿಗೆ ಬಂದವಳು. ಹಿಂದಿನ ಎರಡೂ ಕೂಸು ಉಳಿದಿರಲಿಲ್ಲ. ತಾಯಿ ಸತ್ತ ದಿನದಿಂದ ಒಂದು ಹನಿ ಕಣ್ಣೀರು ಹಾಕಿಲ್ಲ, ತುತ್ತು ಸರಿಯಾಗಿ ಉಂಡಿಲ್ಲ. ಅವ್ವನ ಮುಖ ಮರೆಯುತ್ತಿದೆ, ಮುಖ ಮರೆಯುತ್ತಿದೆ ಎಂಬುದೊಂದೇ ಮಾತು.

"ಸೂಲಗಿತ್ತಿ ಹೇಳ್ಯಾಳ್ರಿ, ಹಿಂಗ ಕಲ್ಲಾಗಿ ಕುಂತ್ರ ಈ ಕೂಸೂ ದಕ್ಕೂದಿಲ್ಲ ಅಂತ. ಅವ್ವನ ಮಾರಿ ಒಮ್ಮಿ ನೋಡಿದ್ರ ಆಕಿ ಅತ್ತಾಳು. ಅತ್ರ ಬದಕ್ಯಾಳು."

ಇಂಥ ಮಾತಿಗೆ ಇಲ್ಲ ಅನ್ನುವುದು ಹೇಗೆ?

ಪೆಟ್ರೋಲು ಸಿಗದ ಆ ಕಾಲದ ಇದ್ದಲಿ ಗ್ಯಾಸಿನ ಬಸ್ಸು ದಾರಿಯಲ್ಲಿ ಎರಡು ಕಡೆ ಕೆಟ್ಟು ನಿಂತು, ನಾವು ಟಿಕೋಟ ಮುಟ್ಟುವಾಗ ದೀಪ ಹಚ್ಚುವ ಹೊತ್ತು ಮೀರಿತ್ತು. ಮನೆಯೊಳಗೆ ಕಾಲಿಟ್ಟರೆ ಹಿಂಡಿಯ ವಾಸನೆ, ಎತ್ತಿನ ವಾಸನೆ, ಅವೆರಡರ ಮೇಲೆ ತೇಲುವ ಔಡಲ ಎಣ್ಣೆಯ ಕಮಟು. ಸೂತಕವೆಂದು ಗಾಣಕ್ಕೆ ಎತ್ತು ಕಟ್ಟಿರಲಿಲ್ಲ. ಒಲೆಯೂ ತಣ್ಣಗಿತ್ತು. ಊಟ ನೆರೆಮನೆಯವರು ತಂದುಕೊಡುತ್ತಿದ್ದರು. ನಡುಮನೆಯಲ್ಲಿ ಗೌರವ್ವ ಪ್ರಾಣ ಬಿಟ್ಟ ಜಾಗದಲ್ಲಿ ಒಂದು ಪಣತಿ ಉರಿಯುತ್ತಿತ್ತು. ಕಾರ್ಯ ಮುಗಿಯುವವರೆಗೆ ಅದು ಆರಬಾರದು.

ಆ ಪಣತಿಯ ಆಚೆ ಗೋಡೆಗೆ ಒರಗಿ ನೀಲವ್ವ ಕೂತಿದ್ದಳು. ಕಣ್ಣು ತೆರೆದೇ ಇದ್ದವು. ಏನನ್ನೂ ನೋಡುತ್ತಿರಲಿಲ್ಲ.

ನಾನು ಕ್ಯಾನ್ವಾಸು ಬಿಚ್ಚುವುದನ್ನು ನೋಡಿ ಮಲ್ಲಪ್ಪನ ಸೋದರತ್ತೆ ಸಾವಕ್ಕ ಎದ್ದು ಬಂದಳು. ಗೌರವ್ವನ ನಾದಿನಿ, ಮನೆಯಲ್ಲಿ ಉಳಿದ ಹಿರಿಯಳು ಈಗ ಆಕೆಯೇ.

"ಬಸುರಿ ನೆಳ್ಳು ತಗೀಬಾರದ್ರಿ ಮಾಸ್ತರ. ಆಕಿ ಒಬ್ಬಾಕಿ ಅಂತ ತಿಳಕೊಂಡೀರೇನು? ಎರಡು ಜೀವ ಕುಂತಾವಲ್ಲಿ."

"ನಾ ಬರಿಯೋದು ಹೋದವ್ರನ್ನ, ಸಾವಕ್ಕ. ನೀಲವ್ವ ಬರೇ ನಮೂನಿಗಿ," ಎಂದೆ. ಮುದುಕಿಯ ಮೂಢನಂಬಿಕೆ ಎಂದು ಒಳಗೇ ನಕ್ಕೆ.

"ಬರೀಲಿ ಬಿಡ ಅತ್ತಿ," ಎಂದಳು ನೀಲವ್ವ. ಒಣಗಿದ ದನಿ. "ಅವ್ವ ಹೆಂಗಿದ್ಲಂತ ಒಮ್ಮಿ ನೋಡತೇನಿ."

ಸಾವಕ್ಕ ಎತ್ತುಗಳಿಗೆ ಮೇವು ಹಾಕಲು ಹಿತ್ತಲಿಗೆ ಹೋದಳು.

ನಾನು ನೀಲವ್ವನ ಎದುರು ಕೂತೆ. ಮಾತಾಡಿಸಿದೆ. ಒಂದು ಮಾತಿಗೆ ಅರ್ಧ ಉತ್ತರ. ಆದರೂ ಸ್ವಲ್ಪ ಹೊತ್ತಿಗೆ ಅವಳ ದುಃಖ ತಾಗಿತು... ತೊಯ್ದ ಕಂಬಳಿಯನ್ನು ಎದೆಯ ಮೇಲೆ ಹೊದಿಸಿದ ಹಾಗೆ. ಕಣ್ಣು ಮುಚ್ಚಿದೆ. ಕೈ ಹೋಯಿತು. ಗದ್ದ, ಕೆನ್ನೆ, ಮೂಗು, ತಲೆಗೂದಲ ನೆರೆ, ಎಲ್ಲ ಸರಾಗವಾಗಿ ಬಂದವು. ನಡುನಡುವೆ ಕಣ್ಣು ತೆರೆದು ಬಣ್ಣ ಕಲಸಿಕೊಂಡೆ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಪಟದಲ್ಲಿ ಗೌರವ್ವನೇ ಮೂಡುತ್ತಿದ್ದಳು.

ಆಗ ಕಂದೀಲು ಪಕ್‌ಪಕ್ ಎಂದು ಆರಿತು. ರೇಷನ್ನಿನ ಚಿಮಣಿ ಎಣ್ಣೆ, ಅಷ್ಟೇ ಅದರ ಯೋಗ್ಯತೆ. ಉಳಿದದ್ದು ಆ ಪಣತಿಯ ಬೆಳಕು ಮಾತ್ರ. ಅದರ ಹತ್ತಿರಕ್ಕೆ ಸರಿದು ಕೂತೆ. ಕಣ್ಣು ಬರೆಯುವುದೊಂದು ಬಾಕಿ. ಕಪ್ಪಿನ ಟ್ಯೂಬು ಹಿಂಡಿದರೆ ಬರೀ ಗಾಳಿ ಬಂತು.

"ಕರೀ ಬಣ್ಣ ಮುಗದೈತಿ ಮಲ್ಲಪ್ಪ. ಕಣ್ಣಿನ ಗುಡ್ಡಿಗಿ ಬೇಕಿತ್ತು."

"ಕಾಡಿಗಿ ಹಿಡದ್ರ ಆತಲ್ರಿ," ಎಂದ ಅವನು. "ಔಡಲೆಣ್ಣಿ ಕಾಡಿಗಿ ಅಗದಿ ಮೆತ್ತಗಿರತೈತಿ."

ನನಗೂ ಅದು ಸರಿ ಅನ್ನಿಸಿತು. ಎಣ್ಣೆಯಲ್ಲಿ ಕಲಸಿದರೆ ದೀಪದ ಕಾಡಿಗೆಗಿಂತ ಒಳ್ಳೆ ಕಪ್ಪು ಇಲ್ಲ. ಉರಿಯುತ್ತಿದ್ದ ದೀಪ ಮನೆಯಲ್ಲಿ ಅದೊಂದೇ. ಮಲ್ಲಪ್ಪ ಹಿತ್ತಾಳೆ ತಾಟು ತಂದು, ಎರಡೂ ಕಡೆ ಇಟ್ಟಿಗೆ ಇಟ್ಟು, ಪಣತಿಯ ಮೇಲೆ ಡಬ್ಬು ಹಾಕಿದ. ಮನೆಯೊಳಗೆ ಬೆಳಕು ನೆಲಕ್ಕೆ ಇಳಿಯಿತು. ನೀಲವ್ವನ ಪಾದಗಳಷ್ಟೇ ಕಾಣುತ್ತಿದ್ದವು.

ಕಾಡಿಗೆ ಕಟ್ಟುವ ವಾಸನೆ ನಿಮಗೆ ಗೊತ್ತಿರಬೇಕು. ಬಾಣಂತಿಯ ಕೋಣೆಯ ವಾಸನೆ ಅದು.

ಸಾವಕ್ಕ ಒಳಗೆ ಬಂದವಳು ಹೊಸ್ತಿಲಲ್ಲೇ ನಿಂತಳು.

"ಏನ ಮಾಡಾಕತ್ತೀಯೋ ಮಲ್ಯಾ? ತಗೀ ಅದನ್ನ. ಕಾಡಿಗಿ ಹಿಡಿಯೋದು ಹುಟ್ಟೋ ಕೂಸಿನ ಕಣ್ಣಿಗಿ. ಸತ್ತವರ ದೀಪದ ಮ್ಯಾಲ ಹಿಡೀತಾರೇನೋ ಯಾರರ?"

ಮಲ್ಲಪ್ಪ ಗಾಬರಿಯಾಗಿ ತಾಟು ಎತ್ತಿದ. ಎತ್ತಿದ ಗಾಳಿಗೋ, ಏನೋ... ಪಣತಿ ಆರಿತು.

ಬತ್ತಿಯ ಹೊಗೆ ಮಾತ್ರ ಮೂಗಿಗೆ ಬಂತು.

ಕಡ್ಡಿಪೆಟ್ಟಿಗೆ ಹುಡುಕಿದರೆ ಖಾಲಿ. ಒಲೆಯಲ್ಲಿ ಕೆಂಡವಿಲ್ಲ. "ಬಾಜೂ ಮನಿಯಿಂದ ಬೆಂಕಿ ತರತೇನಿ," ಎಂದು ತಾಟನ್ನು ನನ್ನ ಮೊಣಕಾಲ ಹತ್ತಿರ ಇಟ್ಟು ಮಲ್ಲಪ್ಪ ಹೊರಗೆ ಹೋದ. ಹೋಗುವಾಗ ಹೊಸ್ತಿಲು ಎಡವಿದ ಸಪ್ಪಳ ಕೇಳಿತು. ಸಾವಕ್ಕ ಗೋಡೆ ಹಿಡಿದು ಕುಸಿದು ಕೂತು ಪಿಸುಪಿಸು ಎಂದು ದೇವರ ಹೆಸರು ಹೇಳತೊಡಗಿದಳು.

ತಾಟು ಇನ್ನೂ ಬೆಚ್ಚಗಿತ್ತು. ಕತ್ತಲಲ್ಲಿ ಬೆರಳಿನಿಂದ ಕಾಡಿಗೆ ಒರೆಸಿ ತೆಗೆದೆ, ಎಣ್ಣೆಯಲ್ಲಿ ಕಲಸಿದೆ. ಯಾಕೆ ಕಲಸಿದೆ ಎಂದು ಕೇಳಬೇಡಿ. ಹೇಗೂ ಕಣ್ಣು ಮುಚ್ಚಿ ಬರೆಯುವವನು, ಕತ್ತಲಾದರೆ ನನಗೇನು ಎಂಬ ಸೊಕ್ಕು ಇರಬೇಕು. ಕುಂಚ ಅದ್ದಿ ಕ್ಯಾನ್ವಾಸಿಗೆ ಇಟ್ಟೆ.

ಆಮೇಲೆ ಕೈ ನನ್ನದಾಗಿರಲಿಲ್ಲ.

ಮೊದಲು ನೀಲವ್ವನ ದುಃಖವೇ ಇತ್ತು, ಆ ತೊಯ್ದ ಕಂಬಳಿ. ಆಮೇಲೆ ಅದರ ಅಡಿಯಿಂದ ಇನ್ನೊಂದು ಏನೋ ಎದ್ದು ಬಂತು. ದುಃಖವಲ್ಲ... ಭಯ. ತಣ್ಣಗಿನ, ಬಾಯಿ ಒಣಗಿಸುವ ಭಯ. ಎದುರಿಗೆ ಯಾರೋ ಬಂದು ನಿಂತಿದ್ದಾರೆ, ಅವರನ್ನು ಈಗಷ್ಟೇ ಗುರುತು ಹಿಡಿದಿದ್ದೇನೆ, ಓಡಲು ಜಾಗವಿಲ್ಲ ಅನ್ನುವಂಥ ಭಯ. ಆ ಭಯ ನನ್ನದಲ್ಲ. ನೀಲವ್ವನದೂ ಅಲ್ಲ, ಅವಳ ಮನಸ್ಸು ನನಗೆ ಆಗಲೇ ಪರಿಚಯವಾಗಿತ್ತು.

ಕುಂಚ ಕ್ಯಾನ್ವಾಸಿನ ಮೇಲೆ ಸರಸರ ಎನ್ನುತ್ತಿತ್ತು.

"ಮಾಸ್ತರ..." ನೀಲವ್ವ ಮೆಲ್ಲಗೆ ಕರೆದಳು. "ಕೂಸು ಹೊರಳಾಕತ್ತೈತಿ."

"ನೋವ ಐತೇನವಾ?"

"ನೋವಲ್ರಿ. ನೀವು ಕುಂಚ ಆಡಿಸಿದಂಗ ಹೊರಳತೈತಿ."

ಕೈ ತಡೆದು ನಿಲ್ಲಿಸಿದೆ. ಸರಸರ ನಿಂತಿತು. ಕತ್ತಲಲ್ಲಿ ಮೂವರ ಉಸಿರು ಮಾತ್ರ.

"ಈಗ ಸುಮ್ಮಾತು," ಎಂದಳು ನೀಲವ್ವ.

ಕುಂಚ ಕೆಳಗಿಡಬೇಕೆಂದೆ. ಬೆರಳು ಬಿಚ್ಚಲಿಲ್ಲ. ತಾನಾಗಿ ಮತ್ತೆ ಎದ್ದಿತು. ಸರಸರ... ಸರಸರ... ನೀಲವ್ವ "ಯವ್ವಾ" ಎಂದು ಉಸಿರೆಳೆದುಕೊಂಡಳು. ಅದೇ ಹೊತ್ತಿಗೆ ಒಳಗಿನ ಗಾಣ ಒಮ್ಮೆ ಕಿರ್ರ್ ಎಂದಿತು. ಒಂದೇ ಸಲ. ಭಾರ ಹೊತ್ತ ಮರ ತಿರುಗುವ ಸಪ್ಪಳ.

"ಗಾಣಕ್ಕ ಎತ್ತ ಕಟ್ಟಿಲ್ಲಲ್ಲ..." ಸಾವಕ್ಕ ಪಿಸುಗುಟ್ಟಿದಳು. ದೇವರ ಹೆಸರು ನಿಂತುಹೋಯಿತು.

ಮಲ್ಲಪ್ಪ ಚಿಪ್ಪಿನಲ್ಲಿ ಕೆಂಡ ಹಿಡಿದುಕೊಂಡು ಬಂದ. ಊದಿ ಪಣತಿ ಹಚ್ಚಿದ. ನನ್ನ ಕೈ ಸಡಿಲವಾಗಿ ಕುಂಚ ಕೆಳಗೆ ಬಿತ್ತು.

ಪಟದ ಮೇಲೆ ಮುಖ ಮುಗಿದಿತ್ತು. ಕಣ್ಣು ಪೂರ್ತಿ ತೆರೆದಿದ್ದವು.

ನಾನು ಎಷ್ಟೋ ಮುಖ ಬರೆದಿದ್ದೇನೆ. ಅಷ್ಟು ಹೆದರಿದ ಮುಖ ಇನ್ನೊಂದು ಬರೆದಿಲ್ಲ. ಮೊದಲು ನಾನು ಬರೆದಿದ್ದ ಕೆನ್ನೆ, ಮೂಗು ಹಾಗೆಯೇ ಇದ್ದವು, ಆದರೂ ಅದು ಬೇರೆ ಹೆಂಗಸು. ನಲವತ್ತು ದಾಟಿದವಳು. ಬಾಯಿ ಅರ್ಧ ತೆರೆದು, ನಮ್ಮ ಹಿಂದೆ ಯಾವುದನ್ನೋ ನೋಡುತ್ತಿದ್ದಾಳೆ. ಎಡ ಹುಬ್ಬಿನ ಮೇಲೆ ಓರೆಯಾಗಿ ಒಂದು ಗಾಯದ ಕಲೆ.

"ಅವ್ವಗ ಹಣಿ ಮ್ಯಾಲ ಗಾಯ ಇರಲಿಲ್ಲ," ಎಂದಳು ನೀಲವ್ವ.

"ಮೂಗ ನೋಡು, ಅವ್ವಂದ," ಎಂದ ಮಲ್ಲಪ್ಪ. ಅವನಿಗೆ ಅದು ತಾಯಿಯೇ ಆಗಬೇಕಿತ್ತು, ಪಾಪ.

"ನಮ್ಮ ಅತ್ತಿಗಿ ನಗುಮಾರೀಲೆ ಜೀವ ಬಿಟ್ಟಾಕಿ," ಎಂದಳು ಸಾವಕ್ಕ. "ಈಕಿ ಯಾರ್ನ ನೋಡಿ ಹಿಂಗ ಹೆದರ್ಯಾಳ?"

ನೀಲವ್ವ ನೆಲದ ಮೇಲೆ ತೆವಳಿಕೊಂಡು ಪಟದ ಹತ್ತಿರ ಬಂದಳು. ಬಹಳ ಹೊತ್ತು ನೋಡಿದಳು. ತಾಯಿ ಸತ್ತ ಮೇಲೆ ಮೊದಲ ಸಲ ಅವಳು ಅತ್ತಳು. ಹೊಟ್ಟೆ ಹಿಡಿದುಕೊಂಡು, ಹಸುಗೂಸಿನ ಹಾಗೆ ಬಿಕ್ಕಿ ಬಿಕ್ಕಿ.

"ಅವ್ವ ಅಲ್ಲ ಅತ್ತಿ ಈಕಿ. ಯಾರಂತ ಗೊತ್ತಿಲ್ಲ... ಆದರ ನನ್ನಾಕಿ ಅನಸತೈತಿ. ಹೊಟ್ಟಿ ಉರಿಯಾಕತ್ತೈತಿ ಈಕೀನ್ನ ನೋಡಿ."

ಆ ರಾತ್ರಿ ಕಟ್ಟೆಯ ಮೇಲೆ ಮಲಗಿದೆ. ನಿದ್ದೆ ಎಲ್ಲಿಂದ ಬರಬೇಕು? ಬೂದಿ ಹಚ್ಚಿ ಕೈ ತಿಕ್ಕಿದರೂ ಬೆರಳಿನ ಕಾಡಿಗೆ ಹೋಗಲಿಲ್ಲ, ವಾಸನೆಯೂ ಹೋಗಲಿಲ್ಲ.

ಬೆಳಗಾದ ಮೇಲೆ ಪಟವನ್ನು ಅಂಗಳಕ್ಕೆ ತಂದು ನೋಡಿದೆ. ಆಗ ಇನ್ನೊಂದು ಕಂಡಿತು. ಮುಖ ಬರೆಯುವವರು ಕೊನೆಗೆ ಇಡುವುದು ಕಣ್ಣಿನ ಮಿಂಚು, ಬಿಳಿಯ ಒಂದು ಚುಕ್ಕೆ. ಎದುರಿಗೆ ಯಾವ ಬೆಳಕಿದೆಯೋ ಅದೇ ಆಕಾರ ಬರಬೇಕು. ದೀಪವಿದ್ದರೆ ಚುಕ್ಕೆ, ಕಿಟಕಿ ಇದ್ದರೆ ಚೌಕ. ಈ ಕಣ್ಣುಗಳಲ್ಲಿ ಇದ್ದದ್ದು ಉದ್ದನೆಯ ಸಪೂರ ಬಿಳಿ ಪಟ್ಟಿ. ಒಂದೇ ಕದ ತೆರೆದ ಬಾಗಿಲಿನ ಬೆಳಕು ಹಾಗಿರುತ್ತದೆ. ಪಟ್ಟಿಯ ತಳದಲ್ಲಿ ಕಪ್ಪಗೆ ಏನೋ ನಿಂತಿತ್ತು. ನಾನು ಕತ್ತಲಲ್ಲಿ ಬಿಳಿ ಬಣ್ಣ ಮುಟ್ಟಿರಲೇ ಇಲ್ಲ. ಅದರ ಟ್ಯೂಬು ಪೆಟ್ಟಿಗೆಯೊಳಗೆ ಮುಚ್ಚಿಕೊಂಡೇ ಇತ್ತು.

ಹುಬ್ಬಿನ ಕಲೆಯ ಮೇಲೆ ಮೈಬಣ್ಣ ಬಳಿದು ಮುಚ್ಚಿದೆ. ಪಟ ಅಲ್ಲೇ ಬಿಟ್ಟು ಮೊದಲ ಬಸ್ಸಿಗೆ ವಿಜಾಪುರಕ್ಕೆ ಬಂದೆ.

ಮುಂದಿನ ದಿನಗಳು ಹೇಗೆ ಹೋದವೋ ನನಗೇ ಗೊತ್ತು. ಸಾಲೆಯಲ್ಲಿ ಪಾಠ ಮಾಡುವಾಗಲೂ ಸಾವಕ್ಕನ ಮಾತೇ ಕಿವಿಯಲ್ಲಿ. ಎರಡು ಜೀವ ಕುಂತಾವಲ್ಲಿ. ನನ್ನಿಂದ ಆ ಕೂಸಿಗೆ ಏನಾದರೂ ಆದರೆ... ಕೊನೆಗೆ ಮಲ್ಲಪ್ಪ ಬಂದ. ಕೈಯಲ್ಲಿ ಎಣ್ಣೆಯ ಡಬ್ಬಿ, ಮುಖದ ಮೇಲೆ ನಗು.

"ಹೆಣ್ಣ ಕೂಸ್ರಿ ಮಾಸ್ತರ. ತಾಯಿ ಮಗಳು ಇಬ್ರೂ ಆರಾಮ ಅದಾರ. ಅವ್ವನ ಹೆಸರ ಇಟ್ಟೇವಿ, ಗೌರಿ ಅಂತ. ನಿಮ್ಮಿಂದ ನಮ್ಮ ತಂಗಿ ಬದಕಿದಳು."

ಎಷ್ಟು ಹಗುರಾಯಿತು ಎಂದರೆ, ನಾನು ಅವನನ್ನು ತಬ್ಬಿಕೊಂಡುಬಿಟ್ಟೆ. ಹೋಗುವಾಗ ಅವನು ಹೇಳಿದ: "ನೀವು ಮುಚ್ಚಿದ್ರಲ್ರಿ, ಆ ಗಾಯ, ಬಣ್ಣ ಆರಿದಂಗ ಮತ್ತ ಮ್ಯಾಲ ಬಂದೈತಿ ನೋಡ್ರಿ."

ಎಣ್ಣೆಯ ಬಣ್ಣದಲ್ಲಿ ಹಾಗಾಗುವುದುಂಟು ಎಂದೆ. ಆಗುವುದುಂಟು, ಸುಳ್ಳಲ್ಲ. ಆದರೆ ಆಗಬೇಕಾದರೆ ವರ್ಷಗಳು ಹಿಡಿಯುತ್ತವೆ.

ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು, ಅಂಗಡಿಗೆ ಮತ್ತೆ ಬಣ್ಣ ಬಂತು. ನನಗೆ ಟಿಕೋಟದ ಎಣ್ಣೆ ಬೇಕಾಗಲಿಲ್ಲ. ನಿಜ ಹೇಳಬೇಕೆಂದರೆ ಆ ಕಡೆ ಹೋಗಲು ಮನಸ್ಸಾಗಲಿಲ್ಲ. ಗೌರಿ ಇನ್ನೂ ಸಾಲೆಗೆ ಹೋಗುವ ವಯಸ್ಸು ಮುಟ್ಟಿರಲಿಲ್ಲ, ಆಗ ನೀಲವ್ವ ಹೇಳಿಕಳಿಸಿದಳು: ಮಾಸ್ತರು ಒಮ್ಮೆ ಬಂದು ಹೋಗಬೇಕು. ಅವಳು ತವರಿಗೆ ಬಂದಿದ್ದಳು.

ನಾನು ಹೋದಾಗ ಗೌರಿ ಅಂಗಳದಲ್ಲಿ ಕಲ್ಲು ಆಡುತ್ತಿದ್ದಳು. ಹಣೆಗೆ ಅರಿಶಿನ ಹಚ್ಚಿ ಬಟ್ಟೆ ಕಟ್ಟಿದ್ದರು. ತಿರುಗುವ ಗಾಣದ ಹಿಂದೆ ಓಡಿ, ಮರಕ್ಕೆ ಬಡಿಸಿಕೊಂಡಿದ್ದಳಂತೆ. ನೀಲವ್ವ ಬಟ್ಟೆ ಬಿಚ್ಚಿ ತೋರಿಸಿದಳು. ಎಡ ಹುಬ್ಬಿನ ಮೇಲೆ, ಓರೆಯಾಗಿ.

ಕಟ್ಟೆಯ ಮೇಲೆ ಕೂತೆ.

ಮಲ್ಲಪ್ಪ ಮಾತ್ರ ಹಿಗ್ಗಿ ಹೇಳಿದ: "ಅವ್ವನ ಹುಟ್ಟಿ ಬಂದಾಳ್ರಿ. ಅವ್ವಗೂ ಅಲ್ಲೇ ಗಾಯ ಇತ್ತಲ್ಲ?"

"ಇರಲಿಲ್ಲೋ ಮಲ್ಲಪ್ಪ," ಎಂದೆ.

"ಇತ್ತರಿ. ಪಟದಾಗ ಐತಲ್ಲ."

ಅವನು ಹೊರಗೆ ಹೋದ ಮೇಲೆ ನೀಲವ್ವ ಮೆಲ್ಲಗೆ ಹೇಳಿದಳು, "ಊರ ಮಂದಿ ಎಲ್ಲಾ ಹಂಗ ಅಂತಾರ್ರಿ. ಈಗ ನನಗೂ ಅವ್ವನ ಮಾರಿ ನೆನಪ ಆಗವಲ್ದು. ಕಣ್ಣ ಮುಚ್ಚಿದ್ರ ಆ ಪಟಾನ ಬರತೈತಿ. ಅವ್ವ ಹೋದಳ್ರಿ ಮಾಸ್ತರ, ಇನ್ನೊಮ್ಮಿ ಹೋದಳು." ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಅದು ನನ್ನ ಮಗಳು ಅಂತ ನನಗ ಅವತ್ತ ತಿಳೀತು, ಹೇಳಾಕ ಬರಲಿಲ್ಲ. ಆ ಕಣ್ಣ ಅಳಿಸ್ರಿ. ಆಕಿ ಏನರ ನೋಡೂದು ಬ್ಯಾಡ."

ಬಣ್ಣ ಕೆರೆಯುವ ಚೂರಿ ತೆಗೆದುಕೊಂಡು ಪಟದ ಎದುರು ನಿಂತೆ. ಎಡಗಣ್ಣಿನ ಮೇಲೆ ಅಲಗು ಇಟ್ಟು ಹಗುರಾಗಿ ಎಳೆದೆ, ಅಷ್ಟೇ. ಅಂಗಳದಿಂದ ಮಗು ಚೀರಿತು.

ಓಡಿ ಹೋದರೆ ಗೌರಿ ಎಡಗಣ್ಣು ಒತ್ತಿ ಹಿಡಿದುಕೊಂಡು ಅಳುತ್ತಿದ್ದಳು. "ಕಣ್ಣಾಗ ಏನೋ ಬಿತ್ತು, ಯವ್ವಾ..."

ಕಣ್ಣಿನಲ್ಲಿ ಏನೂ ಇರಲಿಲ್ಲ. ಬರೀ ಕೆಂಪು. ನೀಲವ್ವ ನನ್ನ ಕೈಯಲ್ಲಿದ್ದ ಚೂರಿ ನೋಡಿದಳು, ನಾನು ಅವಳನ್ನು ನೋಡಿದೆ. ಚೂರಿ ಪೆಟ್ಟಿಗೆಗೆ ಹಾಕಿದೆ. ಆ ದಿನದಿಂದ ಇವತ್ತಿನವರೆಗೆ ನಾನು ಯಾರ ಮುಖವನ್ನೂ ಕಣ್ಣು ಮುಚ್ಚಿ ಬರೆದಿಲ್ಲ. ಅಳತೆ ತೆಗೆದು, ಚೌಕ ಹಾಕಿ ಬರೆಯುತ್ತೇನೆ. ಫೋಟೋದ ಹಾಗೆ ಬರುತ್ತದೆ ಎಂದು ಜನ ಮೆಚ್ಚುತ್ತಾರೆ.

ಗೌರಿ ಬೆಳೆದಳು. ಬಬಲೇಶ್ವರಕ್ಕೆ ಮದುವೆ ಮಾಡಿಕೊಟ್ಟರು. ಮಲ್ಲಪ್ಪ, ಸಾವಕ್ಕ, ಒಬ್ಬೊಬ್ಬರೇ ಹೋದರು. ನೀಲವ್ವ ತೀರಿಕೊಂಡ ಮೇಲೆ ಗೌರಿ ತನ್ನ ಆಯಿಯ, ಅಂದರೆ ಅಜ್ಜಿಯ, ಪಟವೆಂದು ಅದನ್ನು ಹಟ ಮಾಡಿ ಗಂಡನ ಮನೆಗೆ ಒಯ್ದಳಂತೆ. ಬೇಡ ಅನ್ನುವವರು ಯಾರೂ ಉಳಿದಿರಲಿಲ್ಲ.

ಹೋದ ವರ್ಷ ಅವರು ಹೊಸ ಮನೆ ಕಟ್ಟಿಸಿದರು. ಪೂಜೆಗೆ ಬರಲೇಬೇಕೆಂದು ಗೌರಿ ತಾನೇ ವಿಜಾಪುರಕ್ಕೆ ಬಂದು ಕರೆದು ಹೋದಳು. ಈ ವಯಸ್ಸಿನಲ್ಲಿ ಬಸ್ಸಿನ ಕುಲುಕಾಟ ಬೇಡವಾಗಿತ್ತು. ಆದರೂ ಹೋದೆ. ನೋಡದೆ ಇರಲು ಆಗಲಿಲ್ಲ.

ಪಡಸಾಲೆಯಲ್ಲಿ ಪಟ ತೂಗುಹಾಕಿದ್ದರು. ಗೌರಿ ಅದರ ಕೆಳಗೆ ನಿಂತು ಬಂದವರಿಗೆ ಕುಂಕುಮ ಕೊಡುತ್ತಿದ್ದಳು. ಅದೇ ಗದ್ದ, ಅದೇ ಮೂಗು, ಹುಬ್ಬಿನ ಮೇಲೆ ಅದೇ ಕಲೆ. ಪಟದಲ್ಲಿ ಎಡ ಕಿವಿಯ ಮೇಲೆ ಒಂದು ಹಿಡಿ ಬಿಳಿಗೂದಲು ಬರೆದಿದ್ದೆ. ಗೌರಿಗೆ ಅದೇ ಜಾಗದಲ್ಲಿ ನೆರೆ ಶುರುವಾಗಿತ್ತು. ಬಾಕಿ ಇದ್ದದ್ದು ಆ ನೋಟ ಒಂದೇ. ಗೌರಿ ನಗುತ್ತಿದ್ದಳು.

"ಮಾಸ್ತರ," ಎಂದಳು, "ಎಲ್ಲಾರೂ ಕೇಳತಾರ, ನಮ್ಮ ಆಯಿ ಯಾರ್ನ ನೋಡಿ ಹಂಗ ಹೆದರ್ಯಾಳಂತ. ನೀವ ಬರದೀರಿ, ನೀವರ ಹೇಳ್ರಿ."

ಆಗ ಅವಳ ಕಣ್ಣು ನೋಡಿದೆ. ಎರಡೂ ಗುಡ್ಡೆಗಳ ಮೇಲೆ ಉದ್ದನೆಯ ಸಪೂರ ಬೆಳಕಿನ ಪಟ್ಟಿ.

ತಿರುಗಿ ನೋಡಿದೆ. ಎದುರಿಗೆ ತಲೆಬಾಗಿಲು. ಹೊಸ ಕಟ್ಟಿಗೆ ಉಬ್ಬಿ ಒಂದು ಕದ ಚೌಕಟ್ಟಿಗೆ ಹಿಡಿದುಕೊಂಡಿತ್ತು. ಇನ್ನೊಂದು ಮಾತ್ರ ತೆರೆದಿತ್ತು. ಸಂಜೆಯ ಬೆಳಕು ಆ ಸಂದಿನಿಂದ ಒಳಗೆ ಬರುತ್ತಿತ್ತು. ಹೊಸ್ತಿಲಲ್ಲಿ ಯಾರೂ ಇರಲಿಲ್ಲ.

ಮತ್ತೆ ಗೌರಿಯ ಕಣ್ಣು ನೋಡಿದೆ. ಪಟ್ಟಿಯ ತಳದಲ್ಲಿ ಕಪ್ಪು ಇರಲಿಲ್ಲ. ಇನ್ನೂ ಇರಲಿಲ್ಲ.

"ಆ ಕದ ಯಾಕವಾ ಹಂಗ? ಎರಡೂ ತಗಸು. ಇಲ್ಲಾಂದ್ರ ಬಾಗಿಲಾನ ಬ್ಯಾರೆ ಮಾಡಸು," ಎಂದೆ. ನನ್ನ ದನಿ ನನಗೇ ಪರಿಚಯವಿರಲಿಲ್ಲ.

"ಆತ್ರಿ ಮಾಸ್ತರ, ಬಡಿಗ್ಯಾಗ ಹೇಳೇನಿ," ಎಂದು ನಕ್ಕು ಹಣೆಗೆ ಕುಂಕುಮ ಇಟ್ಟಳು. ಕಾರಣ ಅವಳಿಗೆ ಹೇಳಲಿಲ್ಲ. ಹೇಗೆ ಹೇಳುವುದು? ನೀನು ಹುಟ್ಟುವ ಮೊದಲೇ ನಿನ್ನ ಭಯ ನಾನು ಬರೆದಿದ್ದೇನೆ ಎಂದೇ?

ಅಂದಿನಿಂದ ಗಾಂಧಿ ಚೌಕದಲ್ಲಿ ಬಬಲೇಶ್ವರದವರು ಯಾರು ಸಿಕ್ಕರೂ ನಾನು ಮೊದಲು ಕೇಳುವುದು ಒಂದೇ. ಮೊನ್ನೆ ಸಂತೆಗೆ ಬಂದವನನ್ನೂ ನಿಲ್ಲಿಸಿ ಕೇಳಿದೆ. "ಗೌರಿ ಮನಿ ಬಾಗಲಾ ರಿಪೇರಿ ಆತೇನಪಾ?"

ಮುದುಕನಿಗೆ ಅರಳುಮರಳು ಎಂದು ಅವನು ನಕ್ಕ.

"ಇನ್ನೂ ಇಲ್ರಿ ಮಾಸ್ತರ. ಇವತ್ತ ನಾಳೆ ಬರತೇನಿ ಅಂದಾನಂತ ಬಡಿಗ್ಯಾ."